ಬೋರ್ಡು ಓದಿದರೆ ಕಣ್ಣು ಸರಿ ಇದೆ ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ನೋಡಿದೆ. ಭಾನುವಾರ ಉಚಿತ ಕಣ್ಣಿನ ತಪಾಸಣೆ ಶಿಬಿರ, ಬೆಳಿಗ್ಗೆ 10ಕ್ಕೆ, ಸಾರ್ವಜನಿಕರು ಸದುಪಯೋಗ ಪಡೆದುಕೊಳ್ಳಬೇಕು ಅಂತ. ಉದ್ಘಾಟನೆ ಮಾಡುವವರ ಹೆಸರಿತ್ತು, ಅಧ್ಯಕ್ಷತೆಯವರ ಹೆಸರಿತ್ತು, ಮುಖ್ಯ ಅತಿಥಿಗಳ ಹೆಸರಿತ್ತು. ಬಂದವರ ಕಣ್ಣು ನೋಡುವವರು ಯಾರು, ಏನೇನು ನೋಡುತ್ತಾರೆ ಅನ್ನೋದು ಎಲ್ಲೂ ಇರಲಿಲ್ಲ. ಸುದ್ದಿ ಕಳಿಸಿದವರೇ ಬರೆದಿರಲಿಕ್ಕಿಲ್ಲ, ಅದಕ್ಕೆ ನಿಮ್ಮನ್ನು ದೂರುತ್ತಿಲ್ಲ. ಆದರೆ ಆ ಒಂದು ಸಾಲು ಗೊತ್ತಿಲ್ಲದೆ ಇದ್ದದ್ದಕ್ಕೆ ನಮ್ಮ ಮನೆಯಲ್ಲಿ ಏನಾಯ್ತು ಅಂತ ಹೇಳಬೇಕು ಅನ್ನಿಸಿತು. ಪತ್ರ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತವರು ಆಲೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಮದುವೆಯಾಗಿ ಹಾಸನಕ್ಕೆ ಬಂದು 20 ವರ್ಷ ಆಯ್ತು, ಮನೆ ಮುಂದೆಯೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಪ್ಪನಿಗೆ ಈಗ 68. ಜೋಳ, ಒಂದಿಷ್ಟು ಶುಂಠಿ, ಮನೆ ಮಟ್ಟಿಗೆ ಭತ್ತ, ಎರಡು ಹಸು. ನಾಲ್ಕು ವರ್ಷದ ಕೆಳಗೆ ಒಂದು ದಿನ, ಪೇಪರ್ ಓದೋಕೆ ಮಬ್ಬು ಮಬ್ಬು ಅನ್ನಿಸುತ್ತೆ ಅಂದರು. ಕರೆದುಕೊಂಡು ಹೋದವಳು ನಾನೇ. ಎಲ್ಲಿಗೆ? ಪೇಟೆಯ ಒಂದು ಕನ್ನಡಕದ ಅಂಗಡಿಗೆ. ಮನೆಯಲ್ಲಿ ಎಲ್ಲರಿಗೂ ಹೇಳಿದ್ದು ಮಾತ್ರ "ಅಪ್ಪನನ್ನು ಕಣ್ಣಿನ ಡಾಕ್ಟ್ರಿಗೆ ತೋರಿಸ್ಕೊಂಡು ಬಂದೆ" ಅಂತ.

ಅಲ್ಲಿ ಒಂದು ಮಿಷನ್ನಿಗೆ ಗಲ್ಲ ಇಟ್ಟು ಒಳಗೆ ನೋಡಿ ಅಂದರು. ಉದ್ದನೆಯ ರಸ್ತೆ, ಅದರ ಕೊನೆಯಲ್ಲಿ ಬಣ್ಣದ ಬಲೂನು ಕಾಣುತ್ತಲ್ಲ, ಅದೇ ಮಿಷನ್ನು. ಆಮೇಲೆ ಗೋಡೆ ಮೇಲಿನ ಬೋರ್ಡು ಓದಿಸಿದರು. ಅಪ್ಪ ಕೊನೆಯ ಎರಡು ಸಾಲು ಬಿಟ್ಟು ಎಲ್ಲಾ ಓದಿದರು. ಗಾಜು ಬದಲಾಯಿಸಿ ಬದಲಾಯಿಸಿ ಇಟ್ಟ ಮೇಲೆ ಅದನ್ನೂ ಓದಿದರು. "ಕಣ್ಣು ಚೆನ್ನಾಗಿದೆ ಗೌಡ್ರೇ, ನಂಬರ್ ಸ್ವಲ್ಪ ಬದಲಾಗಿದೆ ಅಷ್ಟೆ" ಅಂದರು. ನಮಗೆ ಸಮಾಧಾನ ಆಯ್ತು. ಹೊಸ ಕನ್ನಡಕ ಹಾಕಿಸಿಕೊಂಡು, ಬಸ್ ಸ್ಟ್ಯಾಂಡ್ ಹತ್ತಿರ ಕಾಫಿ ಕುಡಿದು ಬಂದೆವು.

ಒಂದೂವರೆ ವರ್ಷಕ್ಕೆ ಮತ್ತೆ ಮಬ್ಬು. ಮತ್ತೆ ಅದೇ ಅಂಗಡಿ, ಮತ್ತೆ ಬೋರ್ಡು, ಮತ್ತೊಂದು ಕನ್ನಡಕ. ಅದಾದ ಮೇಲೆ ಪಕ್ಕದ ಊರಲ್ಲಿ ಶಿಬಿರ ಅಂತ ನನ್ನ ತಮ್ಮ ಅಪ್ಪನನ್ನು ಬೈಕಲ್ಲಿ ಕೂರಿಸಿಕೊಂಡು ಹೋದ. ಅಲ್ಲಿ ಒಬ್ಬ ಹುಡುಗ ಟಾರ್ಚ್ ಬಿಟ್ಟು ನೋಡಿ "ಪೊರೆ ಶುರುವಾಗಿದೆ, ಇನ್ನೂ ಬಲಿತಿಲ್ಲ" ಅಂದನಂತೆ. ಆ ಹುಡುಗ ಯಾರು, ಏನು ಓದಿದ್ದ ಅಂತ ತಮ್ಮ ಕೇಳಲಿಲ್ಲ. ನಾನು ಹೋಗಿದ್ದರೆ ನಾನೂ ಕೇಳುತ್ತಿರಲಿಲ್ಲ. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದವರೆಲ್ಲ ನಮಗೆ ಡಾಕ್ಟ್ರೇ ಅಲ್ವಾ? ಪೊರೆ ಬಲಿಯಲಿ ಅಂತ ಕಾಯುತ್ತಾ ಕೂತೆವು. ಪೊರೆ ಹಣ್ಣಾಗುವ ತನಕ ಕಾಯಬೇಕು ಅನ್ನೋದೇ ಹಳೆಯ ಕಾಲದ ಮಾತು ಅಂತ ಆಗ ಗೊತ್ತಿರಲಿಲ್ಲ. ಈಗ ಪೊರೆಯಿಂದ ದಿನದ ಕೆಲಸಕ್ಕೆ ತೊಂದರೆ ಆಗುತ್ತಿದೆ ಅಂದರೆ ಆಪರೇಷನ್ ಮಾಡುತ್ತಾರೆ, ಹಣ್ಣಾಗಲಿ ಅಂತ ಕಾಯೋದಿಲ್ಲ.

ಈ ಮಧ್ಯೆ ಮನೆಯಲ್ಲಿ ಬೇರೆ ಏನೇನೋ ನಡೆಯುತ್ತಿತ್ತು. ಅಪ್ಪನ ಬಲಗಡೆ ಇಟ್ಟ ಕಾಫಿ ಲೋಟಕ್ಕೆ ಕೈ ತಾಗಿ ಚೆಲ್ಲೋದು. ಕೊಟ್ಟಿಗೆಗೆ ಹೋಗುವಾಗ ಬಲಗಡೆಯ ಕಂಬಕ್ಕೆ ಭುಜ ಹೊಡೆದುಕೊಳ್ಳೋದು. 40 ವರ್ಷದಿಂದ ಇರುವ ಕಂಬ ಅದು, ಅಪ್ಪನೇ ನೆಟ್ಟಿದ್ದು. ಒಂದು ದಿನ ಡೈರಿಗೆ ಹಾಲು ಹಾಕಲು ಟಿವಿಎಸ್‌ನಲ್ಲಿ ಹೋಗುವಾಗ ಬಲಗಡೆಯಿಂದ ಬಂದ ಸೈಕಲ್ ಕಾಣದೆ ಇಬ್ಬರೂ ಬಿದ್ದರು. ಅಮ್ಮ "ನೋಡ್ಕೊಂಡು ಹೋಗೋಕೆ ಏನು ನಿಮಗೆ" ಅಂತ ಬೈದರು. ನಾವೆಲ್ಲ ವಯಸ್ಸಾಯ್ತು ಅಂದುಕೊಂಡೆವು. ಅಪ್ಪನಿಗೆ ಬಲಗಡೆ ಕಾಣುತ್ತಲೇ ಇಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ಅಪ್ಪನಿಗೇ ಹೊಳೆದಿರಲಿಲ್ಲ!

ಗೊತ್ತಾಗಿದ್ದು ಹೇಗೆ ಅಂದರೆ, ಬಿಪಿ ಮಾತ್ರೆ ತರೋಕೆ ಅಂತ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದಾಗ. ಅಲ್ಲಿ ಒಂದು ಸಣ್ಣ ಕೋಣೆಯ ಮುಂದೆ ನೇತ್ರಾಧಿಕಾರಿ ಅಂತ ಬೋರ್ಡ್ ಇತ್ತು. ಬಂದಿದ್ದೀವಲ್ಲ ತೋರಿಸೋಣ ಅಂತ ಒಳಗೆ ಹೋದೆವು. ಅವರು ಹಳೆಯ ಮೂರು ಚೀಟಿಯನ್ನೂ ಕೇಳಿ ತೆಗೆದುಕೊಂಡು ಪಕ್ಕ ಪಕ್ಕ ಇಟ್ಟು ನೋಡಿದರು. ಆಮೇಲೆ ಅಪ್ಪನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ಎಡಗಣ್ಣು ಮುಚ್ಚಿಕೊಳ್ಳಿ ಅಂದರು. "ಯಜಮಾನ್ರೇ, ನನ್ನ ಮೂಗನ್ನೇ ನೋಡ್ತಾ ಇರಿ, ಆ ಕಡೆ ಈ ಕಡೆ ಕಣ್ಣು ಆಡಿಸಬೇಡಿ" ಅಂತ ಹೇಳಿ, ತಮ್ಮ ಕೈ ಪಕ್ಕಕ್ಕೆ ಚಾಚಿ ಬೆರಳು ಅಲ್ಲಾಡಿಸಿದರು. "ಎಷ್ಟು ಬೆರಳು?"

ಅಪ್ಪ ಕೇಳಿದರು, "ಎಲ್ಲಿ ಬೆರಳು?"

ಕೈ ನಿಧಾನವಾಗಿ ಹತ್ತಿರ ತಂದರು. ಮೇಲಿಂದ, ಕೆಳಗಿಂದ, ಆ ಪಕ್ಕ, ಈ ಪಕ್ಕ. ಹೆಚ್ಚುಕಡಿಮೆ ಮೂಗಿನ ಹತ್ತಿರಕ್ಕೆ ಬಂದ ಮೇಲೇ ಅಪ್ಪನಿಗೆ ಬೆರಳು ಕಂಡಿದ್ದು. ನಾನು ಪಕ್ಕದಲ್ಲೇ ನಿಂತಿದ್ದೆ. ಮಿಷನ್ನಿಲ್ಲ, ಏನಿಲ್ಲ, ಎರಡು ನಿಮಿಷದ ಕೆಲಸ. ಎರಡು ಕನ್ನಡಕ, ಒಂದು ಶಿಬಿರದಲ್ಲಿ ಗೊತ್ತಾಗದ್ದು ಆ ಬೆರಳಲ್ಲಿ ಗೊತ್ತಾಯ್ತು. ಅವರು ನನ್ನ ಕಡೆ ತಿರುಗಿ "ಅಮ್ಮಾ, ಇದು ಕನ್ನಡಕದಲ್ಲಿ ಸರಿಹೋಗುವ ವಿಷಯ ಅಲ್ಲ, ಪೊರೆಯೂ ಅಲ್ಲ. ನಾನು ಬರೆದು ಕೊಡ್ತೀನಿ, ತಡ ಮಾಡದೆ ಕಣ್ಣಿನ ವೈದ್ಯರ ಹತ್ತಿರ ಹೋಗಿ" ಅಂದರು.

ಹಾಸನದಲ್ಲಿ ತೋರಿಸಿದೆವು. ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿ, ನೀಲಿ ಲೈಟಿನಲ್ಲಿ ಕಣ್ಣೊಳಗಿನ ಒತ್ತಡ ಅಳೆದರು. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕಂತೆ. ಅಪ್ಪನ ಬಲಗಣ್ಣಲ್ಲಿ 34, ಎಡಗಣ್ಣಲ್ಲಿ 26. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿ ಕಣ್ಣಿನ ಹಿಂದಿನ ನರ ನೋಡಿದರು. ಆಮೇಲೆ ಫೀಲ್ಡ್ ಟೆಸ್ಟ್ ಅಂತ, ಬಿಳಿ ಬೋಗುಣಿಯಂಥ ಮಿಷನ್ನಿಗೆ ಮುಖ ಇಟ್ಟು, ಒಳಗೆ ಚುಕ್ಕಿ ಬೆಳಕು ಕಂಡಾಗೆಲ್ಲ ಗುಂಡಿ ಒತ್ತಬೇಕು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಬಲಗಣ್ಣಿನ ಚಿತ್ರ ಪೂರ್ತಿ ಕಪ್ಪು, ನಡುವೆ ಒಂದು ಗುಂಡಿಯಷ್ಟು ಬಿಳಿ.

ಗ್ಲಾಕೋಮಾ. ಕಣ್ಣಿನ ನರ ನಿಧಾನವಾಗಿ ಸಾಯುವ ಕಾಯಿಲೆ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಾಗೋದಿಲ್ಲ. ಮೊದಲು ಹೋಗೋದು ಸುತ್ತಲಿನ ನೋಟ, ನೇರ ನೋಟ ಕೊನೆಯ ತನಕ ಉಳಿದಿರುತ್ತೆ. ಅದಕ್ಕೇ ಅಪ್ಪ ಬೋರ್ಡಿನ ಅಕ್ಷರ ಎಲ್ಲಾ ಓದುತ್ತಿದ್ದರು. ಬೋರ್ಡು ಓದಿಸೋದು ನೇರ ನೋಟ ಎಷ್ಟು ಚೂಪಾಗಿದೆ ಅಂತ ತಿಳಿಯೋಕೆ. ಪಕ್ಕದ ನೋಟ ಹೋಗಿದೆಯೇ, ನರ ಹೇಗಿದೆ, ಒತ್ತಡ ಎಷ್ಟು ಅನ್ನೋದನ್ನು ಬೋರ್ಡು ಹೇಳೋದಿಲ್ಲ. ಕಣ್ಣಿನ ಒತ್ತಡವೂ ಬಿಪಿಯೂ ಒಂದೇ ಅಂತ ನಾವು ತಿಳಿದಿದ್ದೆವು, ಅದೂ ತಪ್ಪು. ಬಿಪಿ ಸರಿ ಇದ್ದವರಿಗೂ ಕಣ್ಣಿನ ಒತ್ತಡ ಜಾಸ್ತಿ ಇರಬಹುದು. ಒತ್ತಡ 21ರ ಒಳಗೇ ಇದ್ದೂ ನರ ಹಾಳಾಗುವವರೂ ಇದ್ದಾರಂತೆ, ಅದಕ್ಕೇ ನರ ನೋಡಲೇಬೇಕು ಅಂತ ಹೇಳಿದರು. ಹೋದ ನೋಟ ವಾಪಸ್ ಬರೋದಿಲ್ಲ ಅಂದರು. ಉಳಿದಿದ್ದನ್ನು ಉಳಿಸಿಕೊಳ್ಳೋಕೆ ದಿನಾ ರಾತ್ರಿ ಡ್ರಾಪ್ಸ್, ಜೀವನಪೂರ್ತಿ.

ಕನ್ನಡಕದ ಅಂಗಡಿಯವರ ಮೇಲೆ ಕೋಪ ಬಂತಾ ಅಂದರೆ, ಮೊದಲು ಬಂತು. ಯೋಚನೆ ಮಾಡಿದ ಮೇಲೆ ಅರ್ಧ ಕೋಪ ನಮ್ಮ ಮೇಲೇ ತಿರುಗಿತು. ಅವರು ಮಾಡಿದ್ದು ನಂಬರ್ ನೋಡುವ ಕೆಲಸ, ಅದನ್ನು ಸರಿಯಾಗೇ ಮಾಡಿದ್ದರು. ನಾವು ಅದನ್ನು ಕಣ್ಣಿನ ಪರೀಕ್ಷೆ ಅಂದುಕೊಂಡೆವು. ಆದರೆ "ಕಣ್ಣು ಚೆನ್ನಾಗಿದೆ" ಅಂತ ಅವರು ಹೇಳಬಾರದಿತ್ತು. "ನಂಬರ್ ನೋಡಿದ್ದೀನಿ, ನಿಮಗೆ 60 ದಾಟಿದೆ, ಒಂದ್ಸಲ ಡಾಕ್ಟ್ರ ಹತ್ತಿರ ಒತ್ತಡ, ನರ ನೋಡಿಸಿಬಿಡಿ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತಿಗೆ ದುಡ್ಡು ಖರ್ಚಾಗುತ್ತಿರಲಿಲ್ಲ.

ಆಮೇಲೆ ನಾನು ಹೋದಲ್ಲೆಲ್ಲ ಕೇಳಿ ಕೇಳಿ ತಿಳಿದುಕೊಂಡೆ. ನನ್ನ ಕೆಲಸದಲ್ಲೇ ಹೇಳಬೇಕು ಅಂದರೆ, ದೊಡ್ಡ ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಬೇರೆ, ಹೊಲಿಯುವವರು ಬೇರೆ, ಕಾಜಾ ಗುಂಡಿ ಹಾಕುವವರು ಬೇರೆ. ಎಲ್ಲರ ಕೆಲಸವೂ ಬೇಕು. ಕಾಜಾ ಹಾಕುವವರ ಕೈಗೆ ಮದುವೆ ಸೂಟಿನ ಬಟ್ಟೆ ಕೊಟ್ಟು ಕತ್ತರಿಸಿ ಅನ್ನೋದಿಲ್ಲ. ಕಣ್ಣಿನ ವಿಷಯದಲ್ಲಿ ನಾವು ಅದನ್ನೇ ಮಾಡುತ್ತಿದ್ದೇವೆ.

ಎಂಬಿಬಿಎಸ್ ಮುಗಿಸಿ, ಅದರ ಮೇಲೆ ಕಣ್ಣಿನ ವಿಷಯದಲ್ಲಿ ಎಂಎಸ್ಸೋ, ಡಿಎನ್‌ಬಿಯೋ, ಡಿಪ್ಲೊಮಾವೋ ಮಾಡಿದವರು ನೇತ್ರತಜ್ಞರು. ಎಂಬಿಬಿಎಸ್‌ಗೇ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಎಸ್‌ಗೆ ಇನ್ನೂ 3 ವರ್ಷ. ಕಣ್ಣಿನ ಕಾಯಿಲೆ ಇದು ಅಂತ ಹೇಳೋದು, ಔಷಧಿ ಬರೆಯೋದು, ಲೇಸರ್, ಆಪರೇಷನ್, ಇವೆಲ್ಲ ಅವರ ಕೆಲಸ. ಅವರಲ್ಲೂ ಈಗ ಕಣ್ಣಿನ ಹಿಂದಿನ ಪರದೆ ರೆಟಿನಾಕ್ಕೆ ಬೇರೆ, ಮುಂದಿನ ಪಾರದರ್ಶಕ ಪದರ ಕಾರ್ನಿಯಾಕ್ಕೆ ಬೇರೆ, ಗ್ಲಾಕೋಮಾಕ್ಕೆ ಬೇರೆ, ಮಕ್ಕಳ ಕಣ್ಣಿಗೆ ಬೇರೆ ಅಂತ ಇದ್ದಾರೆ. ಹಾಗಾಗಿ ಒಬ್ಬ ಡಾಕ್ಟ್ರು "ನೀವು ಬೆಂಗಳೂರಿನಲ್ಲಿ ರೆಟಿನಾದವರಿಗೆ ತೋರಿಸಿ" ಅಂದರೆ ಇವರಿಗೆ ಗೊತ್ತಿಲ್ಲ ಅಂತ ಅರ್ಥ ಅಲ್ಲ.

ಆಪ್ಟೋಮೆಟ್ರಿಸ್ಟ್ ಅನ್ನೋ ಹೆಸರು ನಮ್ಮ ಕಡೆ ಇನ್ನೂ ಜಾಸ್ತಿ ಜನರಿಗೆ ಗೊತ್ತಿಲ್ಲ. ಇವರು ಎಂಬಿಬಿಎಸ್ ಡಾಕ್ಟ್ರಲ್ಲ, ಆದರೆ ಸುಮ್ನೆ ನಂಬರ್ ನೋಡುವವರೂ ಅಲ್ಲ. ಇಂಟರ್ನ್‌ಶಿಪ್ ಸೇರಿ ಇದಕ್ಕೇ ಅಂತ ಒಂದು ಡಿಗ್ರಿ ಇದೆ. ಮಾತೇ ಬಾರದ ಮಗುವಿನ ಕಣ್ಣಿಗೆ ಕತ್ತಲ ಕೋಣೆಯಲ್ಲಿ ಒಂದು ಗೆರೆಯಂಥ ಬೆಳಕು ಬಿಟ್ಟು, ಅದು ಹೇಗೆ ಓಡಾಡುತ್ತೆ ಅಂತ ನೋಡಿ ನಂಬರ್ ಹೇಳುತ್ತಾರೆ. ನಮ್ಮ ತಂಗಿಯ ಮಗನಿಗೆ ಹಾಗೆ ನೋಡಿದಾಗ ನಾನು ಅಲ್ಲೇ ಇದ್ದೆ, ಮೂರು ವರ್ಷದ ಮಗು ಒಂದು ಅಕ್ಷರ ಓದದೆ ನಂಬರ್ ಸಿಕ್ಕಿತು. ಕಾಂಟ್ಯಾಕ್ಟ್ ಲೆನ್ಸ್ ಕೂರಿಸೋದು, ಒಂದು ಕಣ್ಣಿನ ನೋಟ ಸರಿಯಾಗಿ ಬೆಳೆಯದೆ ಸೋಮಾರಿ ಕಣ್ಣಾಗಿದ್ದರೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟಿಸೋದು, ಕಣ್ಣಿನ ವ್ಯಾಯಾಮ ಮಾಡಿಸೋದು, ನೋಟ ತೀರಾ ಕಡಿಮೆ ಇರುವವರಿಗೆ ಯಾವ ಭೂತಗನ್ನಡಿ ಹೊಂದುತ್ತೆ ಅಂತ ನೋಡೋದು, ಇದೆಲ್ಲ ಬರುತ್ತೆ. ಎಲ್ಲಕ್ಕಿಂತ ಮುಖ್ಯ, ಕಾಯಿಲೆಯ ಗುರುತು ಕಂಡರೆ ಡಾಕ್ಟ್ರ ಹತ್ತಿರ ಕಳಿಸಲು ಕಲಿತವರು ಇವರು.

ಇನ್ನು ಆಪ್ಟಿಷಿಯನ್, ಅಂದರೆ ಚೀಟಿಯಲ್ಲಿ ಬರೆದ ನಂಬರಿಗೆ ಕನ್ನಡಕ ಮಾಡಿಕೊಡುವವರು. ಇದನ್ನು ಸಣ್ಣ ಕೆಲಸ ಅಂತ ಯಾರೂ ಅಂದುಕೊಳ್ಳಬೇಡಿ. ನನಗೆ 43ಕ್ಕೆ ಚಾಳೀಸು ಬಂತು, ಸೂಜಿಗೆ ದಾರ ಪೋಣಿಸೋಕೆ ಆಗುತ್ತಿರಲಿಲ್ಲ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಇರುವ ಕನ್ನಡಕ ಮಾಡಿಸಿದೆ, ಹಾಕಿಕೊಂಡರೆ ತಲೆ ಸುತ್ತು. ನಂಬರೇ ತಪ್ಪು ಅಂತ ಬೈಯುತ್ತಾ ಹೋದೆ. ಬೇರೆ ಅಂಗಡಿಯ ಒಬ್ಬ ವಯಸ್ಸಾದವರು ನೋಡಿ, ನಂಬರ್ ಸರಿ ಇದೆ, ಗಾಜಿನ ನಡು ನಿಮ್ಮ ಪಾಪೆಯ ನಡುವಿಗೆ ಬಂದಿಲ್ಲ ಅಂದರು. ನನ್ನ ಎದುರು ಕೂತು, ನೇರ ನೋಡಿ ಅಂತ ಹೇಳಿ, ಗಾಜಿನ ಮೇಲೆ ಪೆನ್ನಿಂದ ಎರಡು ಚುಕ್ಕಿ ಇಟ್ಟು, ಸ್ಕೇಲಿನಲ್ಲಿ ಅಳೆದರು. ಫ್ರೇಮಿನ ಕಡ್ಡಿಯನ್ನು ಬಿಸಿ ಮಣಿಗಳ ಡಬ್ಬಿಯೊಳಗೆ ತೂರಿಸಿ, ಮೆತ್ತಗಾದ ಮೇಲೆ ಕಿವಿ ಹಿಂದಕ್ಕೆ ಬಗ್ಗಿಸಿದರು. ನಾವು ಹೊಲಿಯುವ ಮುಂಚೆ ಭುಜದ ಅಳತೆ ತೆಗೆದುಕೊಳ್ಳುತ್ತೀವಲ್ಲ, ಹಾಗೇ. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಒಂದು ತಿಂಗಳು ತಲೆನೋವು ಅನುಭವಿಸಿದ್ದೆ. ಆ ಕೈಚಳಕ ಅವರದ್ದು. ಅವರನ್ನು ಡಾಕ್ಟ್ರೇ ಅಂತ ಕರೆದರೆ ಅವರ ಗೌರವ ಜಾಸ್ತಿ ಆಗೋದಿಲ್ಲ, ನಮಗೆ ಮಾತ್ರ ಮೋಸ ಆಗುತ್ತೆ.

ತೊಂದರೆ ಏನು ಅಂದರೆ, ಅಂಗಡಿಯಲ್ಲಿ ನಂಬರ್ ನೋಡುವವರು ಡಿಗ್ರಿ ಮಾಡಿದವರಾ, ಡಿಪ್ಲೊಮಾ ಮಾಡಿದವರಾ, ಅಂಗಡಿಯಲ್ಲೇ ಕೆಲಸ ಕಲಿತವರಾ ಅಂತ ಹೊರಗಿನಿಂದ ಗೊತ್ತಾಗೋದಿಲ್ಲ. ಬೋರ್ಡಿನಲ್ಲಿ ಮಾತ್ರ ಕಂಪ್ಯೂಟರ್ ಕಣ್ಣಿನ ಪರೀಕ್ಷೆ ಅಂತ ಇರುತ್ತೆ. ಕಂಪ್ಯೂಟರ್ ಅಂದ ಕೂಡಲೇ ನಮಗೆ ನಂಬಿಕೆ. ಆ ಬಲೂನಿನ ಮಿಷನ್ನು ನಂಬರ್ ಎಷ್ಟಿರಬಹುದು ಅಂತ ಒಂದು ಅಂದಾಜು ಕೊಡುತ್ತೆ. ಅದನ್ನು ಮತ್ತೆ ಗಾಜು ಇಟ್ಟು, ಓದಿಸಿ ಸರಿ ಮಾಡಬೇಕು. ಕಣ್ಣಿನ ಒಳಗಿನ ಕಾಯಿಲೆ ಹುಡುಕುವ ಮಿಷನ್ನು ಅದಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಡಾಕ್ಟ್ರು, ನರ್ಸ್ ಅಲ್ಲದ ಆರೋಗ್ಯ ಕೆಲಸದವರಿಗೆ ಅಂತಲೇ ಒಂದು ಕಾಯ್ದೆ ತಂದಿದೆ. ಆಪ್ಟೋಮೆಟ್ರಿಸ್ಟ್, ನೇತ್ರ ಸಹಾಯಕರು (ನಾವು ನೋಡಿದ ನೇತ್ರಾಧಿಕಾರಿಯಂಥವರು) ಆ ಪಟ್ಟಿಯಲ್ಲಿದ್ದಾರೆ. ಅವರ ಓದಿಗೆ ಒಂದು ಮಟ್ಟ, ಹೆಸರು ನೋಂದಣಿ, ಇವೆಲ್ಲ ಬರಬೇಕು ಅನ್ನೋದು ಅದರ ಉದ್ದೇಶ. ಒಳ್ಳೆಯದೇ. ಆದರೆ ಕಾಯ್ದೆ ದೆಹಲಿಯಲ್ಲಿದ್ದರೆ ಸಾಲದು, ಪೇಟೆಯ ಅಂಗಡಿ ಗೋಡೆ ಮೇಲೆ ಒಂದು ಸರ್ಟಿಫಿಕೇಟ್ ಆಗಿ ಕಾಣಬೇಕು.

ಸರ್ಕಾರಿ ಆಸ್ಪತ್ರೆಯ ನೇತ್ರಾಧಿಕಾರಿಗಳ ಬಗ್ಗೆ ಎರಡು ಮಾತು ಹೇಳದೆ ಇರೋಕೆ ಆಗಲ್ಲ. ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1976ರಲ್ಲಿ. ಆ ಕಾರ್ಯಕ್ರಮದಿಂದಲೇ ಹಳ್ಳಿಯ ಕಡೆಗೆ ಇಂಥ ನೇತ್ರ ಸಹಾಯಕರು ಬಂದಿದ್ದು. ಶಾಲೆಗೆ ಹೋಗಿ ಮಕ್ಕಳ ಕಣ್ಣು ನೋಡೋದು, ಕನ್ನಡಕ ಬರೆಯೋದು, ಪೊರೆ ಇದ್ದವರನ್ನು ಹುಡುಕಿ ಆಪರೇಷನ್ನಿಗೆ ಕಳಿಸೋದು, ಆಪರೇಷನ್ ಆದವರನ್ನು ಮತ್ತೆ ನೋಡೋದು. ಇವರು ಆಪರೇಷನ್ ಮಾಡೋದಿಲ್ಲ. ಆದರೆ ಯಾರನ್ನು ಎಲ್ಲಿಗೆ, ಎಷ್ಟು ಬೇಗ ಕಳಿಸಬೇಕು ಅಂತ ಗೊತ್ತಿರುವವರು. ಅಪ್ಪನ ಎಡಗಣ್ಣು ಉಳಿದಿದ್ದು ಅಂಥ ಒಬ್ಬರಿಂದ. ಅವರ ಕೋಣೆಯಲ್ಲಿ ಒಂದು ಫ್ಯಾನ್ ಕೂಡ ಸರಿಯಾಗಿ ತಿರುಗುತ್ತಿರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಮೂರೇ ಜನ. ನಾವು ಅವರ ಕೋಣೆಯನ್ನು ದಾಟಿಕೊಂಡು ಎಷ್ಟು ಸಲ ಪೇಟೆಗೆ ಹೋಗಿದ್ದೇವೋ.

ನಮಗೆ ಯಾಕೆ ಎಲ್ಲರೂ ಡಾಕ್ಟ್ರಾಗಿ ಕಾಣುತ್ತಾರೆ ಅಂತ ನಾನು ಯೋಚಿಸಿದ್ದೇನೆ. ನಮ್ಮ ಅಜ್ಜಿಯ ಕಾಲದಲ್ಲಿ ಕಣ್ಣಿನ ಕ್ಯಾಂಪ್ ಅಂದರೆ ಡಾ. ಎಂ.ಸಿ. ಮೋದಿಯವರ ಹೆಸರು. ಊರೂರಿಗೆ ಹೋಗಿ, ಸಾವಿರಾರು ಜನರಿಗೆ ಪೊರೆ ಆಪರೇಷನ್ ಮಾಡಿದವರು. ಪದ್ಮಭೂಷಣ ಬಂದಿತ್ತು, 2005ರಲ್ಲಿ ತೀರಿಕೊಂಡರು. ಅಜ್ಜಿ ಅವರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದಳು. ಆಗ ಆಪರೇಷನ್ ಆದ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ, ಕಣ್ಣೊಳಗೆ ಲೆನ್ಸ್ ಇಡುವ ಕಾಲ ಇನ್ನೂ ಬಂದಿರಲಿಲ್ಲ. ಹೀಗೆ ಕ್ಯಾಂಪ್ ಅಂದರೆ ದೊಡ್ಡ ಡಾಕ್ಟ್ರೇ ಬಂದು ಕೂರುತ್ತಾರೆ ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈಗಿನ ಶಿಬಿರಗಳು ಬಹಳಷ್ಟು ಬರೀ ತಪಾಸಣೆಗೆ, ಅದೂ ಮುಖ್ಯವಾಗಿ ಪೊರೆ ಹುಡುಕೋಕೆ. ಅದು ತಪ್ಪಲ್ಲ. 2015ರಿಂದ 2019ರ ತನಕ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ದಾಟಿದವರ ಕುರುಡುತನದಲ್ಲಿ ನೂರಕ್ಕೆ 66ರಷ್ಟು ಪೊರೆಯಿಂದಲೇ ಅಂತ ಕಂಡಿತ್ತು. ಪೊರೆ ಹುಡುಕಲೇಬೇಕು. ಆದರೆ ಪೊರೆ ಹುಡುಕುವ ಶಿಬಿರದಿಂದ ಬಂದು "ನನ್ನ ಕಣ್ಣು ಪೂರ್ತಿ ಚೆಕ್ ಆಯ್ತು" ಅಂದುಕೊಂಡರೆ ಅಪಾಯ. ಉಳಿದ 34ರಲ್ಲಿ ನಮ್ಮಪ್ಪನಂಥವರಿದ್ದಾರೆ.

ಇನ್ನೊಬ್ಬರು ಕಣ್ಣಿನ ಡಾಕ್ಟ್ರು ಇದ್ದಾರೆ ನಮ್ಮ ಊರುಗಳಲ್ಲಿ, ಮೆಡಿಕಲ್ ಸ್ಟೋರಿನವರು. ಭತ್ತ ಬಡಿಯುವಾಗ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತೆ, ಕಾಫಿ ತೋಟದಲ್ಲಿ ಗಿಡ ಸವರುವಾಗ ಕಡ್ಡಿ ಚುಚ್ಚುತ್ತೆ. ಮೊದಲು ನಂದಿಬಟ್ಟಲು ಹೂವಿನ ರಸ, ಇಲ್ಲ ಎದೆಹಾಲು, ಇಲ್ಲ ಹರಳೆಣ್ಣೆ. ಅದರಲ್ಲಿ ಕಡಿಮೆ ಆಗದಿದ್ದರೆ ಮೆಡಿಕಲ್‌ಗೆ ಹೋಗಿ "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ". ಅವರು ಕೊಡುವ ಬಾಟಲಿಯಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತೆ, ವಾಸಿ ಆಯ್ತು ಅನ್ನಿಸುತ್ತೆ. ಒಳಗೆ ಬೂಷ್ಟಿನ ಸೋಂಕು ಆಗಿದ್ದರೆ ಅದೇ ಡ್ರಾಪ್ಸ್ ಅದನ್ನು ಇನ್ನೂ ಹರಡಿಸುತ್ತೆ, ಕಣ್ಣಗುಡ್ಡೆಯ ಮೇಲೆ ಬಿಳಿ ಕಲೆ ಉಳಿದುಬಿಡುತ್ತೆ. ಚೀಟಿ ಇಲ್ಲದೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಡ್ರಾಪ್ಸ್ ಹಾಕಿಕೊಂಡರೆ ಕಣ್ಣಿನ ಒತ್ತಡವೂ ಏರಬಹುದು, ಪೊರೆಯೂ ಬರಬಹುದು. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಹೊಟ್ಟು ಬಿದ್ದು ಹೀಗೇ ಆಗಿ, ಈಗ ಒಂದು ಕಣ್ಣಲ್ಲಿ ಬರೀ ಬೆಳಕು ಕಾಣುತ್ತೆ. ಕಣ್ಣಿಗೆ ಪೆಟ್ಟು, ಚುಚ್ಚಿದ್ದು, ಸುಣ್ಣ ಬಿದ್ದಿದ್ದು, ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗೆ ಕಾಣೋದು, ಪರದೆ ಇಳಿದ ಹಾಗೆ ಆಗೋದು, ಇದಕ್ಕೆಲ್ಲ ಅಂಗಡಿ ಬಾಗಿಲಿಗೆ ಹೋಗಬೇಡಿ, ನೇರ ಕಣ್ಣಿನ ಡಾಕ್ಟ್ರು ಇರುವ ಆಸ್ಪತ್ರೆಗೆ ಹೋಗಿ. ಸುಣ್ಣ ಬಿದ್ದರೆ ಮಾತ್ರ ಮೊದಲು ಅಲ್ಲೇ ನಿಂತು ಚೆನ್ನಾಗಿ ನೀರಲ್ಲಿ ತೊಳೆದು, ತೊಳೆದು, ಆಮೇಲೆ ಹೊರಡಿ.

ಹಾಗಂತ ಪ್ರತಿಯೊಂದಕ್ಕೂ ದೊಡ್ಡ ಆಸ್ಪತ್ರೆಗೆ ಓಡಿ ಅಂತ ಹೇಳುತ್ತಿಲ್ಲ. ಎಲ್ಲರೂ ಅಲ್ಲಿಗೇ ಓಡಿದರೆ ಹೊರಗಿನ ಸಾಲು ಇನ್ನೂ ಉದ್ದ ಆಗುತ್ತೆ, ನಿಜವಾಗಿ ಬೇಕಾದವರು ಸಂಜೆ ತನಕ ಕೂರಬೇಕಾಗುತ್ತೆ. ಓದುವ ಹುಡುಗನಿಗೆ ಹಲಗೆ ಮಬ್ಬಾದರೆ, ನನ್ನಂಥವಳಿಗೆ ಚಾಳೀಸು ಬಂದರೆ, ಒಳ್ಳೆಯ ಆಪ್ಟೋಮೆಟ್ರಿಸ್ಟ್ ಸಾಕು. ಕನ್ನಡಕ ಮೂಗಿಂದ ಜಾರುತ್ತಿದ್ದರೆ ಆಪ್ಟಿಷಿಯನ್ ಸಾಕು. ಆದರೆ ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಪಾಪೆ ಅಗಲ ಮಾಡಿಸಿ ರೆಟಿನಾ ನೋಡಿಸಲೇಬೇಕು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ. ಆ ಡ್ರಾಪ್ಸ್ ಹಾಕಿದ ದಿನ ಕೆಲವು ಗಂಟೆ ಮಬ್ಬಾಗಿರುತ್ತೆ, ಬೈಕ್ ಓಡಿಸೋಕೆ ಆಗಲ್ಲ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಮಗುವಿಗೆ ಮೆಳ್ಳೆಗಣ್ಣು ಇದ್ದರೆ ಅದೃಷ್ಟ ಅಂತ ಬಿಡಬೇಡಿ, ಚಿಕ್ಕ ವಯಸ್ಸಲ್ಲೇ ತೋರಿಸಿದರೆ ಆ ಕಣ್ಣಿನ ನೋಟ ಉಳಿಯುತ್ತೆ, ದೊಡ್ಡವರಾದ ಮೇಲೆ ತೋರಿಸಿದರೆ ಕಷ್ಟ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಉಳಿದವರಿಗೂ ಬರುವ ಸಂಭವ ಜಾಸ್ತಿ. ನಾನು ನೋಡಿಸಿಕೊಂಡೆ, ಸದ್ಯಕ್ಕೆ ಏನೂ ಇಲ್ಲ. ತಮ್ಮ ಇನ್ನೂ "ನನಗೆ ಚೆನ್ನಾಗಿ ಕಾಣುತ್ತೆ ಅಕ್ಕ" ಅನ್ನುತ್ತಾನೆ. ಅಪ್ಪನೂ ಹಾಗೇ ಅನ್ನುತ್ತಿದ್ದರು.

ಸಂಪಾದಕರೇ, ನಿಮ್ಮಿಂದ ಬೇಕಾಗಿರೋದು ಇಷ್ಟು. ಕಣ್ಣಿನ ಶಿಬಿರದ ಸುದ್ದಿ ಬಂದಾಗ, ಕಳಿಸಿದವರಿಗೆ ಒಂದು ಫೋನ್ ಮಾಡಿ ಕೇಳಿ: ನೋಡುವವರು ನೇತ್ರತಜ್ಞರಾ, ಆಪ್ಟೋಮೆಟ್ರಿಸ್ಟಾ, ನೇತ್ರಾಧಿಕಾರಿಯಾ? ನಂಬರ್ ಮಾತ್ರ ನೋಡುತ್ತಾರಾ, ಒತ್ತಡ ನೋಡುತ್ತಾರಾ, ಪಾಪೆ ಅಗಲ ಮಾಡಿ ಒಳಗೆ ನೋಡುತ್ತಾರಾ? ತೊಂದರೆ ಕಂಡರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ? ಇದನ್ನು ಎರಡು ಸಾಲಿನಲ್ಲಿ ಅಚ್ಚು ಹಾಕಿ. ಜಾಗ ಸಾಲದಿದ್ದರೆ ಅತಿಥಿಗಳ ಹೆಸರು ಒಂದೆರಡು ಕಡಿಮೆ ಮಾಡಿ, ಅವರೂ ಬೇಜಾರು ಮಾಡಿಕೊಳ್ಳೋದಿಲ್ಲ ಅಂದುಕೊಂಡಿದ್ದೇನೆ. ನಮ್ಮ ಜಿಲ್ಲೆಯ ಯಾವ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಗಳಿದ್ದಾರೆ, ಯಾವ ದಿನ ಸಿಗುತ್ತಾರೆ ಅಂತ ಆರೋಗ್ಯ ಇಲಾಖೆಯಿಂದ ಪಟ್ಟಿ ತರಿಸಿ ಒಂದು ದಿನ ಹಾಕಿ. ಜನ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಕರೆಂಟ್ ಹೋಗುವ ವೇಳಾಪಟ್ಟಿಯನ್ನೇ ಕತ್ತರಿಸಿ ಗೋಡೆಗೆ ಅಂಟಿಸುವವರು ನಾವು, ಇದನ್ನು ಅಂಟಿಸೋದಿಲ್ವಾ?

ಕನ್ನಡಕದ ಅಂಗಡಿಯವರಿಗೂ ಒಂದು ಮಾತು. ನಿಮ್ಮಲ್ಲಿ ನಂಬರ್ ನೋಡುವವರ ಓದು ಏನು ಅಂತ ಕನ್ನಡದಲ್ಲಿ ಬರೆದು ಕಾಣುವ ಹಾಗೆ ಹಾಕಿ. ಚೀಟಿಯ ಕೆಳಗೆ "ಇದು ನಂಬರ್ ಪರೀಕ್ಷೆ ಮಾತ್ರ" ಅಂತ ಒಂದು ಮುದ್ರೆ ಒತ್ತಿ. 40 ದಾಟಿದವರು ಬಂದರೆ ಒತ್ತಡ ನೋಡಿಸಿದ್ದೀರಾ ಅಂತ ಕೇಳಿ. ಕನ್ನಡಕ ನಿಮ್ಮಲ್ಲೇ ತೆಗೆದುಕೊಳ್ಳುತ್ತೇವೆ, ಎಲ್ಲಿಗೂ ಹೋಗೋದಿಲ್ಲ.

ಆ ಭಾನುವಾರದ ಶಿಬಿರಕ್ಕೆ ನಾನು ಹೋಗಿದ್ದೆ, ನಮ್ಮ ಸೋದರತ್ತೆಯನ್ನು ಕರೆದುಕೊಂಡು. ಅಪ್ಪನ ಅಕ್ಕ, 72 ವರ್ಷ. ಟೇಬಲ್ ಹತ್ತಿರ ಕೂತಿದ್ದ ಹುಡುಗಿಯನ್ನು ಕೇಳಿದೆ, "ನೀವು ಡಾಕ್ಟ್ರಾ ಅಮ್ಮಾ?" ಅಂತ. ಬೇಜಾರಾಗುತ್ತಾಳೇನೋ ಅಂತ ಅಳುಕು ಇತ್ತು. ಅವಳು ನಕ್ಕು, "ಇಲ್ಲ ಅಕ್ಕ, ನಾನು ಆಪ್ಟೋಮೆಟ್ರಿಸ್ಟ್. ಡಾಕ್ಟ್ರು 12 ಗಂಟೆಗೆ ಬರ್ತಾರೆ. ಯಾಕೆ, ಏನಾದ್ರೂ ತೊಂದರೆ ಇದೆಯಾ?" ಅಂದಳು. ಅತ್ತೆಯ ತಮ್ಮನಿಗೆ ಗ್ಲಾಕೋಮಾ ಇದೆ ಅಂದೆ. ಕೂಡಲೇ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ಅದನ್ನು ಬರೆದು, "ಇವರನ್ನು ಡಾಕ್ಟ್ರು ನೋಡದೆ ಕಳಿಸಲ್ಲ, ಕೂತ್ಕೊಳ್ಳಿ" ಅಂದಳು. ಅತ್ತೆಯ ಒತ್ತಡ 24 ಬಂತು. ಈ ಬುಧವಾರ ಫೀಲ್ಡ್ ಟೆಸ್ಟ್ ಇದೆ, ನನ್ನ ತಮ್ಮನನ್ನೂ ಜೊತೆಗೆ ಬರೋಕೆ ಹೇಳಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಹಾಸನ